ಮಣ್ಣು ಮುಟ್ಟುವ ಎಲೆಗಳು

ಮಂಜು ಆರುವ ತನಕ ಎಲೆ ಮುಟ್ಟಬಾರದು. ಗುರುಪುತ್ರಪ್ಪ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಬಿಸಿಲು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಿಕೊಂಡು ಬರುವುದನ್ನು ನೋಡುತ್ತಿದ್ದ. ಬಾಯಿ ಒಣಗಿತ್ತು. ನಾಲಿಗೆ ತಾನಾಗಿಯೇ ಕೆಳತುಟಿಯ ಸಂದಿಗೆ ಹೋಗಿ, ಅಲ್ಲಿ ಇರಬೇಕಾದ್ದು ಇಲ್ಲವೆಂದು ಹಿಂದಿರುಗಿ ಬರುತ್ತಿತ್ತು. ತಂಬಾಕಿನ ಚಂಚಿಯನ್ನು ಅವನು ಗುರುವಾರವೇ ಮನೆಯ ಜಂತಿಗೆ ಸಿಕ್ಕಿಸಿಬಿಟ್ಟಿದ್ದ. ಅಂದಿನಿಂದ ತಲೆ ಹಗುರಾಗಿ, ಕಣ್ಣೆದುರಿನದೆಲ್ಲ ನೀರಿನ ತಳದಲ್ಲಿದ್ದಂತೆ ಸಣ್ಣಗೆ ಅಲುಗುತ್ತಿತ್ತು. ಗಿಡಗಳು ಅಲುಗುತ್ತಿದ್ದವು, ಗಿಡಕ್ಕೆ ಆನಿಸಿದ ಬಿದಿರಿನ ಗೂಟಗಳು ಅಲುಗುತ್ತಿದ್ದವು, ಆಚೆಗೆ ಪಾರಿಶ್ವಾಡದ ಹಂಚಿನ ಮನೆಗಳು ಅಲುಗುತ್ತಿದ್ದವು. ಅದರೊಳಗೆ ಒಂದು ಮನೆ ಅವನದು. ಅಲ್ಲಿ ಚಂದ್ರವ್ವ ಈಗ ಸೀರೆಗಳನ್ನು ಮಡಚುತ್ತಿರಬೇಕು. ನಿನ್ನೆ ಅವನ ತಾಟಿಗೆ ಎರಡನೆಯ ಸಲ ಪಲ್ಯ ಬಡಿಸಿದ ಮೇಲೆ, ಮಜ್ಜಿಗೆ ಬೇಕೇನು ಎಂದು ಕೇಳುವ ದನಿಯಲ್ಲಿಯೇ ಹೇಳಿದ್ದಳು: "ನಾಳೆ ಮಧ್ಯಾಹ್ನದ ಬಸ್ಸಿಗೆ ತವರಮನಿಗೆ, ಖಾಸಬಾಗಕ್ಕ ಹೊಂಟೇನ್ರಿ. ಬಂಡೆಪ್ಪಣ್ಣಗ ಹೇಳಿ ಕಳಿಸೇನಿ. ಇನ್ನ ಅಲ್ಲೇ ಇರತೀನಿ." ಯಾಕೆ ಎಂದು ಅವನು ಕೇಳಬೇಕಾಗಿತ್ತು. ಯಾಕೆ ಎಂಬುದು ಗೊತ್ತಿದ್ದವನು ಕೇಳುವುದಾದರೂ ಹೇಗೆ? "ಹೋಗು, ಯಾರು ಹಿಡದಾರ" ಎಂದಿದ್ದ. ಹೇಳಿದ ಮೇಲೆ ತಾಟಿನಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದ. ಅದೇ ಈಗ ನಾಚಿಕೆ ತರುತ್ತಿತ್ತು, ಆಡಿದ ಮಾತಿಗಿಂತ ಹೆಚ್ಚಾಗಿ ಆ ರೊಟ್ಟಿ.

ಬಿಸಿಲು ಬಂತು. ಅವನು ಬಾವಿಯ ಕಲ್ಲುಡೋಣಿಯ ನೀರಿನಲ್ಲಿ ಸಾಬೂನು ಹಚ್ಚಿ ಕೈ ತೊಳೆದು, ಮೊದಲ ಸಾಲಿಗೆ ಬಗ್ಗಿದ. ಟೊಮ್ಯಾಟೊ ಗಿಡ ಮೊಣಕಾಲು ದಾಟಿತ್ತು. ಮೊದಲ ಗೊಂಚಲಿನಲ್ಲಿ ಹೂವು ಉದುರಿ ಗುಂಡುಸೂಜಿಯ ತಲೆಯಷ್ಟು ಕಾಯಿ ಕಚ್ಚಿದ್ದವು. ಅದರ ಕೆಳಗಿನ ಎಲೆಗಳೆಲ್ಲ ಹೋಗಬೇಕು, ಮಣ್ಣು ಮುಟ್ಟಿದವು, ಮಣ್ಣು ಮುಟ್ಟಲು ಬಾಗಿದವು, ಹಳದಿಗೆ ತಿರುಗಿದವು. ಅವು ನೆಲದ ತಂಪನ್ನು ಮೇಲಕ್ಕೆ ಹತ್ತಿಸುತ್ತವೆ, ಗಾಳಿ ಆಡಲು ಬಿಡುವುದಿಲ್ಲ. ಎಲೆಯ ದೇಟನ್ನು ಕಾಂಡದ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಮೊದಲು ಮೇಲಕ್ಕೊಮ್ಮೆ ಒತ್ತಬೇಕು, ಆಮೇಲೆ ಕೆಳಕ್ಕೆ. ಸಣ್ಣ ಸದ್ದಾಗಿ ಬಿಟ್ಟುಬರುತ್ತದೆ. ಸಿಟ್ಟಿನಿಂದ ಜಗ್ಗಿದರೆ ಕಾಂಡದ ಸಿಪ್ಪೆ ಉದ್ದಕ್ಕೂ ಸುಲಿದು ಬರುತ್ತದೆ, ಅಲ್ಲಿಂದಲೇ ಕೊಳೆ ಹತ್ತುತ್ತದೆ. ಅವನು ಎಷ್ಟೋ ಗಿಡಗಳನ್ನು ಹಾಗೆ ಸುಲಿದಿದ್ದ. ಇವತ್ತು ಮಾತ್ರ ಕೈ ಸಾವಕಾಶ ನಡೆಯುತ್ತಿತ್ತು, ಬೇರೆ ಯಾರದೋ ಕೈಯಂತೆ. ಎಲೆ ಬಿದ್ದಲ್ಲೆಲ್ಲ ಗಿಡದ ಕಾಲು ಕಂಡು, ಕಾಲುಗಳ ನಡುವೆ ಬೆಳಕು ತೂರಿ, ಸಾಲಿನ ಆ ತುದಿಯ ತನಕ ಒಂದು ತಗ್ಗು ದಾರಿ ತೆರೆದುಕೊಳ್ಳುತ್ತಿತ್ತು. ಮಲಗಿ ನೋಡಿದರೆ ಆ ದಾರಿಯಲ್ಲಿ ನಡೆದು ಹೋಗಬಹುದೆನ್ನಿಸಿತು. ಬೆರಳಿಗೆ ಹಸಿರು ಅಂಟಿತು, ಅಂಟಿದ್ದು ಕಪ್ಪಾಯಿತು. ಆ ವಾಸನೆ, ಒಗರೂ ಅಲ್ಲದ ಕಹಿಯೂ ಅಲ್ಲದ ಆ ವಾಸನೆ, ಚಂದ್ರವ್ವನ ಸೆರಗಿನಲ್ಲಿ ಇರುತ್ತಿದ್ದದ್ದು. ಈಗ ಇಲ್ಲ. ಒಂದು ವರ್ಷವಾಯಿತು ಅವಳ ಸೆರಗಿನಲ್ಲಿ ಬರೀ ಹೊಗೆ.

ಹೋದ ವರ್ಷ ಇದೇ ಹೊತ್ತಿಗೆ, ಇದೇ ಹೊಲ. ಎಲೆಗಳು ಇದ್ದಕ್ಕಿದ್ದಂತೆ ಮುರುಟತೊಡಗಿದ್ದವು. ಹಸಿರಿನೊಳಗೆ ಹಳದಿ ಮಚ್ಚೆ ಎದ್ದು, ಎಲೆ ದಾರದಂತೆ ಸಣ್ಣಗಾಗಿ, ಗಿಡ ಬೆಳೆಯದೆ ನಿಂತುಬಿಟ್ಟಿತ್ತು. ಅವನು ಸಾಲಿನಿಂದ ಸಾಲಿಗೆ ಓಡಾಡಿದ. ಆರೋಪ ಹೊರಿಸಲು ಒಂದು ಮುಖ ಬೇಕಾಗಿತ್ತು. ತಲೆ ಎತ್ತಿದಾಗ ಚಂದ್ರವ್ವ ನಡುಹೊಲದಲ್ಲಿ ನಿಂತು, ಹಲ್ಲಿನಲ್ಲಿ ಸುತಳಿ ಕಚ್ಚಿಕೊಂಡು, ಗಿಡವನ್ನು ಗೂಟಕ್ಕೆ ಕಟ್ಟುತ್ತಿದ್ದಳು. ಅಮಾವಾಸ್ಯೆಯ ಮರುದಿನ ಅದು, ಅವಳು ಹೊರಗಾಗುವ ಹೊತ್ತು. ತಿಂಗಳಿನ ಆ ದಿನಗಳಲ್ಲಿ ಅವಳು ಹೊಲದೊಳಗೆ ಕಾಲಿಡುತ್ತಿರಲಿಲ್ಲ, ಬದುವಿನ ಮೇಲೆ ಕುಳಿತು ಸುತಳಿ ಕತ್ತರಿಸುತ್ತಿದ್ದಳು. ಹೊರಗಾದ ಹೆಂಗಸಿನ ನೆರಳು ಬಿದ್ದರೆ ಎಲೆಬಳ್ಳಿ ಸಾಯುತ್ತದೆ, ಮೆಣಸಿನ ಗಿಡ ಮುರುಟುತ್ತದೆ ಎಂದು ಊರೆಲ್ಲ ಅನ್ನುತ್ತಿತ್ತು. ಅವನ ಅವ್ವ ಇರುವ ತನಕ ಇದನ್ನು ನಂಬಿರಲಿಲ್ಲ. "ಕೊಳ್ಳಾಗ ಲಿಂಗ ಐತಿ, ಇನ್ನ ಸೂತಕ ಎಲ್ಲಿಂದ ಬಂತು? ಹೋಗವಾ ಚಂದ್ರವ್ವಾ, ಕಸ ತಗಿ" ಎಂದು ಸೊಸೆಯನ್ನು ಆ ದಿನಗಳಲ್ಲಿಯೂ ಹೊಲಕ್ಕೆ ಕಳಿಸುತ್ತಿದ್ದಳು. ಅವ್ವ ಹೋದ ಮೇಲೆ, ಟೊಮ್ಯಾಟೊ ಹಾಕಲು ಸುರು ಮಾಡಿದ ಮೇಲೆ, ಅವನೇ ಈ ಹೊಸ ಕಟ್ಟಳೆ ತಂದಿದ್ದ. ನೆರೆಹೊರೆಯವರದ್ದನ್ನು ನೋಡಿ ತಂದಿದ್ದ, ಔಷಧದ ಡಬ್ಬಿ ತಂದ ಹಾಗೆ. ಅವಳು ಸುತಳಿ ಹಿಡಿದು ಬದುವಿನ ಮೇಲೆ ಕುಳಿತಳು.

ಅಂದು ಅವನು ಕೂಗಿದ್ದು ಹಳ್ಳದಾಚೆಗೂ ಕೇಳಿಸಿತ್ತು. "ಏ! ಹೊರಗಿದ್ದಾಕಿ ಗಿಡದಾಗ ಹೊಕ್ಕೀಯೇನ? ನಾಚಿಕಿ ಇಲ್ಲೇನ ನಿನಗ? ಹೊಲಾ ತಿಂದಿ, ಮನಿ ತಿಂದಿ!" ನೆರೆಮನೆಯ ಮಾಯಕ್ಕ ಮತ್ತು ಕೂಲಿಯ ಹೆಂಗಸರು ಬಗ್ಗಿದವರು ಬಗ್ಗಿದಂತೆಯೇ ನಿಂತರು. ಮನೆ ತಿಂದಿ ಎಂಬುದು ಅವನ ಬಾಯಿಗೆ ಹೇಗೆ ಬಂತೋ. ಮಕ್ಕಳಿಲ್ಲದ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಚಂದ್ರವ್ವ ಹಲ್ಲಿನಲ್ಲಿದ್ದ ಸುತಳಿಯನ್ನು ತೆಗೆದಳು, ಅರ್ಧ ಕಟ್ಟಿದ ಗಂಟನ್ನು ಪೂರ್ತಿ ಕಟ್ಟಿದಳು, ಸೀರೆಯ ನಿರಿಗೆ ಗಿಡಕ್ಕೆ ತಾಗದಂತೆ ಎತ್ತಿ ಹಿಡಿದು ಸಾಲಿನಿಂದ ಹೊರಗೆ ನಡೆದಳು. ಅಷ್ಟೇ. ಅಂದಿನಿಂದ ಅವಳು ಹೊಲದೊಳಗೆ ಕಾಲಿಟ್ಟಿಲ್ಲ. ಈ ವರ್ಷದ ಸಸಿ ಹಚ್ಚುವಾಗ ಅವನೇ, "ನೀ ಈ ಸಲ ಬದುವಿನ ಮ್ಯಾಲೂ ಬರಬ್ಯಾಡ" ಎಂದಿದ್ದ.

ಆಮೇಲೆ ಈ ಹೋದ ಗುರುವಾರ ಬಂತು. ಖಾನಾಪುರದಲ್ಲಿ ಬೀಜದಂಗಡಿಯ ಪಂಢರಿನಾಥ ಅವನ ಅಂಗೈಯನ್ನು ನೋಡಿದ. ಗುರುಪುತ್ರಪ್ಪ ಸುಣ್ಣ ಹಚ್ಚಿ ತಂಬಾಕು ತಿಕ್ಕುತ್ತ ಹೋದ ವರ್ಷದ ರೋಗದ ಸುದ್ದಿ ಹೇಳುತ್ತಿದ್ದ. "ಇದೇ ಕೈಲೆ ಗಿಡದ ಎಲಿ ಮುರೀತೀರೇನು, ಗುರುಪುತ್ರಪ್ಪಾ? ಅರೇ ದೇವಾ! ಅದು ತಂಬಾಕದ ರೋಗ ಅದ. ತಂಬಾಕದಿಂದ ಕೈಗೆ, ಕೈಯಿಂದ ಗಿಡಕ್ಕ. ನೀವು ಎಲ್ಲಿ ಮುಟ್ಟತೀರಿ ಅಲ್ಲಿ ಹಬ್ಬತದ. ಧಾರವಾಡದ ಕೃಷಿ ಕಾಲೇಜಿನ ಶೇತಕಿ ಸಾಹೇಬರು ಮೊನ್ನೆ ಇಲ್ಲೇ ಕೂತು ಹೇಳಿ ಹೋದರು. ಸಾಬಣ ಹಚ್ಚಿ ತೊಳ್ಕೋರಿ, ಖರೇ ಹೇಳತೇನಿ." ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳು ನಕ್ಕರು. ಗುರುಪುತ್ರಪ್ಪ ಕೊಂಡ ಔಷಧವನ್ನು ಕಟ್ಟೆಯ ಮೇಲೆಯೇ ಬಿಟ್ಟು ಎದ್ದು ಬಂದ. ಬಸ್ಸಿನಲ್ಲಿ ಉದ್ದಕ್ಕೂ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕುಳಿತಿದ್ದ. ಮನೆಗೆ ಬಂದರೆ ಚಂದ್ರವ್ವ ಕಾಲಿಗೆ ನೀರು ಕೊಟ್ಟಳು. ಆಗ ಹೇಳಬಹುದಾಗಿತ್ತು. ಶುಕ್ರವಾರ ಹೇಳಬಹುದಾಗಿತ್ತು. ಪ್ರತಿ ದಿನವೂ ಮಾತು ಗಂಟಲಿಗೆ ಬಂದು, ಅಲ್ಲಿ ಏನೋ ಯೋಚಿಸಿಕೊಂಡು ಕೆಳಗಿಳಿಯುತ್ತಿತ್ತು.

ಬಿಸಿಲು ಬೆನ್ನಿಗೆ ಹತ್ತಿತು. ಸಾಲುಗಳ ನಡುವೆ ಮುರಿದ ಎಲೆಗಳು ಬಾಡುತ್ತ ಬಿದ್ದಿದ್ದವು. ಅವುಗಳನ್ನು ನೋಡುತ್ತ ನೋಡುತ್ತ ಅವನಿಗೆ ಕಣಕುಂಬಿಯ ಹೊಂಡ ಕಂಡಿತು. ಹೊಳೆ ಹುಟ್ಟುವ ಜಾಗ ಅದು. ಮಕ್ಕಳಿಲ್ಲದವರು ಅಲ್ಲಿ ಮುಳುಗಿದರೆ ಆಗುತ್ತವೆಂದು ಯಾರೋ ಹೇಳಿ, ಮೂರು ಮಾಘದ ಹಿಂದೆ ಹೋಗಿದ್ದರು. ಹೊಳೆ ಎಂದರೆ ದೊಡ್ಡದಿರಬೇಕೆಂದು ಅವನು ತಿಳಿದಿದ್ದ. ಅಲ್ಲಿ ಕಾಡಿನ ತಂಪಿನೊಳಗೆ ಕಲ್ಲು ಕಟ್ಟಿದ ಒಂದಿಷ್ಟು ನೀರು ಸುಮ್ಮನೆ ಇತ್ತು, ಹುಟ್ಟುತ್ತಿರುವ ಯಾವ ಲಕ್ಷಣವೂ ಇಲ್ಲದೆ. ಚಂದ್ರವ್ವ ಮುಳುಗಿ ಎದ್ದು, ಎದೆಮಟ್ಟದ ನೀರಿನಲ್ಲಿ ನಿಂತುಬಿಟ್ಟಳು. ಬಿದ್ದ ಎಲೆಗಳು ಅವಳ ಸುತ್ತ ನಿಂತಿದ್ದವು. ನಲವತ್ತು ದಾಟಿದ ಅವಳ ಮುಖ ಒದ್ದೆಯಾಗಿ, ಯಾರೂ ನೋಡುತ್ತಿಲ್ಲವೆಂಬಂತೆ ಬಿಚ್ಚಿಕೊಂಡಿತ್ತು. ಅವಳು ನೀರಿನೊಳಗೆ ಏನನ್ನೋ ನೋಡುತ್ತಿದ್ದಳು. ಏನು ಎಂದು ಅವನು ಕೇಳಲಿಲ್ಲ. "ಲಗೂನ ಏಳು, ಬಸ್ಸು ಹೋಗತೈತಿ" ಎಂದ. ಹಾಗೆ ಎಂದದ್ದು ಅವನ ನೆನಪಿನಲ್ಲಿ ಈಗ ಬೇರೆ ಯಾರೋ ದಂಡೆಯ ಮೇಲಿಂದ ಕೂಗಿದಂತೆ ಕೇಳಿಸಿತು. ಅವನು ತಿರುಗಿ ನೋಡಿದ. ಬದುವಿನ ಮೇಲೆ ಚಂದ್ರವ್ವ ನಿಂತಿದ್ದಳು, ಒಣ ಸೀರೆಯಲ್ಲಿ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಬಟ್ಟೆಯ ಚೀಲ.

"ಬುತ್ತಿ ಇಟ್ಟೇನ್ರಿ. ಸಂಜಿಗೆ ಮಾಯಕ್ಕ ರೊಟ್ಟಿ ಬಡದು ಕೊಡತಾಳ, ಹೇಳೇನಿ."

"ಒಳಗ ಬಾ."

"ಇಲ್ಲೇ ಚಲೋ ಅದೀನಿ."

"ಬಾ ಅಂದ್ನೆಲ್ಲ!" ದನಿ ತಾನಾಗಿಯೇ ಏರಿತು. ಅವಳು ಕದಲಲಿಲ್ಲ. ಬುತ್ತಿಯ ಮೇಲೆ ನೊಣ ಕೂಡದಂತೆ ಅರಿವೆಯ ತುದಿ ಸಿಕ್ಕಿಸುತ್ತಿದ್ದಳು. ಅವನೇ ಸಾಲು ದಾಟಿ ಬದುವಿಗೆ ಬಂದ. ಕಪ್ಪಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದಕ್ಕೆ ಚಾಚಿ ನಿಂತ, ಕೊಡ ಹಿಡಿಯಲು ಬಂದವನಂತೆ.

"ಹೋದ ವರ್ಷದ ರೋಗ... ಅದು ತಂಬಾಕದ್ದಂತ. ನನ್ನ ಕೈಲೆ ಹಬ್ಬೇತಂತ. ಪಂಢರಿನಾಥ ಹೇಳಿದ."

"ಯಾವಾಗ ಹೇಳಿದ್ರು?"

"ಗುರುವಾರ."

"ಇವತ್ತ ಬುಧವಾರ ಅಲ್ರಿ?"

ಅವನು ಚಾಚಿದ ಕೈಗಳನ್ನು ಕೆಳಗಿಳಿಸಿದ. ಆಮೇಲೆ, ದೊಡ್ಡದನ್ನು ಕೊಡುವವನ ದನಿಯಲ್ಲಿ, "ನಿಂದೇನೂ ತಪ್ಪಿಲ್ಲ, ಗೊತ್ತಾತಿಲ್ಲೋ? ಮನಿಗೆ ನಡಿ. ಚೀಲ ಬಿಚ್ಚು" ಎಂದ.

ಚಂದ್ರವ್ವ ಚೀಲವನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕುಳಿತಳು. ಮನೆಗೆ ನಡೆಯಲು ಕುಳಿತವಳ ಹಾಗಿರಲಿಲ್ಲ. "ತಂಬಾಕರ ಇರ್ಲಿ, ಇನ್ನೊಂದರ ಇರ್ಲಿ" ಎಂದಳು. "ಅವತ್ತ ನಾ ಹೊರಗ ಇರಲಿಲ್ರಿ."

"ಮತ್ತ ಆಗ ಯಾಕ ಬಾಯಿ ಸತ್ತಿತ್ತು? ಹೇಳಬೇಕಿತ್ತು."

"ಏನಂತ ಹೇಳಲಿ, ಆ ಹೆಣ್ಣುಮಕ್ಕಳ ಮುಂದ? ನನಗ ಅದು ನಿಂತ ಹೋಗೇತಿ ಅಂತ ಹೇಳಲೇನು?" ಅವಳು ಅವನತ್ತ ನೋಡದೆ ಗಿಡಗಳನ್ನು ನೋಡುತ್ತಿದ್ದಳು. "ಕಣಕುಂಬಿಗೆ ಹೋಗಿ ಬಂದಿವೆಲ್ಲ, ಮುಂದ ಒಂದೋ ಎರಡೋ ಸಲ ಆತು. ಆಮ್ಯಾಲ ಇಲ್ಲ."

ಗುರುಪುತ್ರಪ್ಪ ಕುಳಿತ. ಕುಳಿತದ್ದು ಅವನಿಗೆ ತಿಳಿಯಲಿಲ್ಲ. "ತಿಂಗಳಾ ತಿಂಗಳಾ ಇಲ್ಲೇ ಕುಂದರತಿದ್ದಿ... ಸುತಳಿ ಕತ್ತರಿಸಿಕೋತ..."

"ಕುಂದರತಿದ್ದೆ. ಅಮಾಸಿ ನೋಡಿಕೊಂಡು ಕುಂದರತಿದ್ದೆ. ನಿಮಗ ತಿಳೀಬಾರದಂತ." ಚೀಲದ ಹಿಡಿಕೆಯನ್ನು ಸರಿಮಾಡಿ, "ತಿಳದ್ರ ನಿಮ್ಮ ಆಸೆ ಮುಗೀತಿತ್ತೆಲ್ರಿ" ಎಂದಳು. "ಆ ತಿಂಗಳ ಮರತೆ. ಹೂವು ಬಿಟ್ಟಿದ್ದವು, ಚಲೋ ಕಂಡವು, ಹೊಕ್ಕೆ. ಮರತೆ, ಅಷ್ಟ."

ಹೊಲ ಒಮ್ಮೆ ದೂರ ಸರಿದು ಮತ್ತೆ ಹತ್ತಿರ ಬಂತು. ತಂಬಾಕು ಬಿಟ್ಟ ತಲೆಯ ಆಟ ಇರಬೇಕು ಎಂದುಕೊಂಡ. ತಿಂಗಳಿಗೊಮ್ಮೆ ಅವಳು ಬದುವಿನ ಮೇಲೆ ಕುಳಿತದ್ದನ್ನು ಕಂಡಾಗ ತನಗೆ ಒಳಗೊಳಗೇ ಒಂದು ನೆಮ್ಮದಿ ಆಗುತ್ತಿತ್ತೆಂಬುದು ಅವನಿಗೆ ಈಗ ಹೊಳೆಯಿತು. ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ. ಇನ್ನೂ ಹೊತ್ತು ಮೀರಿಲ್ಲ, ಇನ್ನೂ ಹೊತ್ತು ಮೀರಿಲ್ಲ ಎಂದು ಅವನೊಳಗೆ ಎಲ್ಲೋ ಒಂದು ಎಂಜಿನ್ನು ಬಡಿದುಕೊಳ್ಳುತ್ತಿತ್ತು, ಅಷ್ಟೇ. ಆ ಸದ್ದನ್ನು ಅವಳು ಕೇಳಿದ್ದಳು. ಅದು ನಿಲ್ಲಬಾರದೆಂದು ಬಿಸಿಲಲ್ಲಿ ಬಂದು ಕುಳಿತಿದ್ದಳು, ಇಲ್ಲದ ನೋವಿಗೆ ಸೊಂಟ ಹಿಡಿದುಕೊಂಡು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಅವಳು ಬೆವರಿ ಎದ್ದು ಕುಳಿತದ್ದನ್ನು ಅವನು ನಿದ್ದೆಗಣ್ಣಿನಲ್ಲಿ ನೋಡಿದ್ದ, "ಸೆಕಿ ಆಗತೈತೇನ?" ಎಂದೂ ಕೇಳಿರಲಿಲ್ಲ. ಗೋಡೆಯ ಕಡೆ ಹೊರಳಿದ್ದ.

"ಏನ್ರಿ ಅಣ್ಣಾರ, ಗಂಡ-ಹೆಂಡ್ತಿ ಬದುವಿನ ಮ್ಯಾಲ ಕುಂತು ಲಗ್ನದ ಮಾತ ಆಡಾಕತ್ತೀರೇನು?"

ಮಾಯಕ್ಕ. ಹಿಂದೆ ಕೂಲಿಯ ಹೆಂಗಸರು, ಬಗಲಲ್ಲಿ ಬುಟ್ಟಿ. ಹೋದ ವರ್ಷ ಬಗ್ಗಿದವರು ಬಗ್ಗಿದಂತೆ ನಿಂತಿದ್ದ ಅವೇ ಬೆನ್ನುಗಳು, ಅವೇ ಮುಖಗಳು. ಗುರುಪುತ್ರಪ್ಪ ತಟ್ಟನೆ ಎದ್ದ. ಹೇಳಿಬಿಡಬೇಕು, ಕೂಗಿದಲ್ಲಿಯೇ ನಿಂತು ಕೂಗಿ ಹೇಳಬೇಕು.

"ಮಾಯಕ್ಕಾ, ಎಲ್ಲಾರೂ ಕೇಳ್ರಿ ಇಲ್ಲೆ! ಹೋದ ವರ್ಷ ಗಿಡ ಹಾಳಾದದ್ದು ನನ್ನ ಕೈಲೆ. ನನ್ನ ತಂಬಾಕದ ಕೈಲೆ. ಇಕಿದು ಏನೂ ಇಲ್ಲ."

ಮಾಯಕ್ಕ ಅವನ ಮುಖವನ್ನೊಮ್ಮೆ ಚಂದ್ರವ್ವನ ಚೀಲವನ್ನೊಮ್ಮೆ ನೋಡಿದಳು. ತುಟಿ ಕಚ್ಚಿಕೊಂಡಳು, ತಡೆಯಲಾಗಲಿಲ್ಲ. "ಆತ ಬಿಡ್ರಿ, ತವರಮನಿಗೆ ಹೊಂಟ ಹೆಂಡ್ತಿ ಮುಂದ ಯಾವ ಗಂಡ್ಸಾದ್ರೂ ಹಿಂಗ ಅಂತಾನ. ತಂಬಾಕ ತಿಂದ್ರ ಹಲ್ಲ ಹಾಳಾಗತಾವ್ರಿ, ಗಿಡ ಹೆಂಗ ಹಾಳಾಗತಾವು? ಗಿಡಕ್ಕ ಹಲ್ಲ ಅದಾವೇನು?"

ಹೆಂಗಸರು ನಕ್ಕರು. "ಖರೇ ಹೇಳಾಕತ್ತೇನಿ!" ಎಂದು ಅವನು ಗದರಿದ. "ಖರೇ, ಖರೇ" ಎಂದು ಹಿಂದಿನಿಂದ ಒಬ್ಬಳು ಮಗುವನ್ನು ರಮಿಸುವಂತೆ ಅಂದಳು. ಅವನ ಕಿವಿ ಬಿಸಿಯಾಯಿತು. ಹೋದ ವರ್ಷ ಇದೇ ಬಾಯಿ ಕೂಗಿದ್ದನ್ನು ಇವರು ಒಂದು ಮಾತು ಕೇಳದೆ ನಂಬಿದ್ದರು. ಇನ್ನೂ ಒಂದು ಮಾತಿತ್ತು, ಎಲ್ಲರ ನಗೆಯನ್ನೂ ಒಂದೇ ಏಟಿಗೆ ನಿಲ್ಲಿಸುವಂಥದು. ಅವತ್ತ ಇಕಿ ಹೊರಗ ಇರಲೇ ಇಲ್ಲ, ಇಕಿಗೆ ಅದು ನಿಂತು... ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಚಂದ್ರವ್ವನತ್ತ ನೋಡಿದ. ಅವಳು ಚೀಲದ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಅವನನ್ನೇ ನೋಡುತ್ತಿದ್ದಳು, ಉಸಿರು ಹಿಡಿದು. ಅವನು ಬಾಯಿ ಮುಚ್ಚಿದ. ಮಾತು ಕಲ್ಲಿನಂತೆ ಒಳಗಿಳಿದು ಹೋಯಿತು. ಹಾಗೆ ಒಂದು ಮಾತನ್ನು ನುಂಗಿದ್ದು ಅವನಿಗೆ ನೆನಪಿರುವಂತೆ ಅದೇ ಮೊದಲು.

"ನಗ್ರಿ, ನಗ್ರಿ" ಎಂದ. "ಕೈ ತೊಳಕೊಂಡು ಒಳಗ ಹೋಗ್ರಿ. ಮಣ್ಣ ಮುಟ್ಟಿದ ಎಲಿ ಅಷ್ಟ ಮುರೀರಿ, ಜಗ್ಗಬ್ಯಾಡ್ರಿ." ಬಗ್ಗಿ ಚೀಲವನ್ನು ಎತ್ತಿಕೊಂಡ.

"ಅಯ್ಯ, ಕೈ ನೋಡ್ರಿ ನಿಮ್ಮವು. ಚೀಲಕ್ಕ ಹತ್ತತೈತಿ" ಎಂದಳು ಚಂದ್ರವ್ವ.

"ಹತ್ತಲಿ."

ಬಸ್ಸು ನಿಲ್ಲುವ ಕಟ್ಟೆಯ ತನಕ ಇಬ್ಬರೂ ನಡೆದರು. ಅವಳು ಎಂದಿನಂತೆ ಹಿಂದೆ. ಅವನು ಮುಂದೆ ಮುಂದೆ ಹೋಗಿ, ನಿಂತು, ಅವಳು ಬಂದ ಮೇಲೆ ಮತ್ತೆ ನಡೆಯುತ್ತಿದ್ದ. ಹೋಗಬೇಡ ಎನ್ನಬೇಕೆಂದು ಪ್ರತಿ ಸಲ ನಿಂತಾಗಲೂ ಅನ್ನಿಸುತ್ತಿತ್ತು. ಅನ್ನುವ ಹಕ್ಕು ಎಲ್ಲೋ ದಾರಿಯಲ್ಲಿ ಬಿದ್ದು ಹೋಗಿತ್ತು. ಬದಲಿಗೆ, "ಈಗ ಬೆವರತೈತೇನ?" ಎಂದು ಕೇಳಿದ.

"ಏನು?"

"ಮಲಗಿದಾಗ. ಬೆವತು ಏಳತಿದ್ದೆಲ್ಲ."

ಚಂದ್ರವ್ವ ನಿಂತಳು. ದಾರಿಯ ಬಿಸಿಲಿನಲ್ಲಿ ಅವಳ ಮುಖದ ಮೇಲೆ ಏನೋ ಬಂದು ಹೋಯಿತು. "ಕಡಿಮಿ ಆಗೇತ್ರಿ" ಎಂದಳು.

ಕೆಂಪು ಬಸ್ಸು ಧೂಳು ಎಬ್ಬಿಸುತ್ತ ಬಂದು ನಿಂತಿತು. ಅವನು ಚೀಲವನ್ನು ಮೇಲಕ್ಕೆ ಕೊಟ್ಟ. ಹಿಡಿಕೆಯ ಮೇಲೆ ಅವನ ಬೆರಳುಗಳು ಕಪ್ಪುಹಸಿರಾಗಿ ಮೂಡಿದ್ದವು. ಅವಳು ಮೆಟ್ಟಿಲು ಹತ್ತಿ, ಬಾಗಿಲಿನಲ್ಲಿ ತಿರುಗಿದಳು.

"ಬರೂ ಆಯಿತವಾರ ಖಾಸಬಾಗಕ್ಕ ಬರ್ರಿ."

ಅವನ ಎದೆಯೊಳಗೆ ಏನೋ ಹಾರಿತು. "ಕರಕೊಂಡ ಬರಾಕ?"

"ಅಲ್ಲ. ಕರಕೊಂಡ ಹೋಗಾಕ ಬರಬ್ಯಾಡ್ರಿ." ಕಂಡಕ್ಟರ ಸೀಟಿ ಊದಿದ. ಬಸ್ಸು ಅಲುಗಿದ ಮೇಲೆ ಅವಳು ಕಂಬಿ ಹಿಡಿದು ಬಗ್ಗಿ ಹೇಳಿದಳು: "ಸುಮ್ನ ಬರ್ರಿ."

ಧೂಳು ಇಳಿಯುವ ತನಕ ಅವನು ಅಲ್ಲಿಯೇ ನಿಂತಿದ್ದ. ಸುಮ್ಮನೆ ಎಂದರೇನು? ಬೀಜ ತರಲು ಖಾನಾಪುರಕ್ಕೆ ಹೋಗಿದ್ದ, ಮಾಲು ಮಾರಲು ಬೆಳಗಾವಿಗೆ ಹೋಗಿದ್ದ, ಮಕ್ಕಳಿಗಾಗಿ ಕಣಕುಂಬಿಗೆ. ಏನೂ ತರಲು ಇಲ್ಲದೆ, ಏನೂ ಬೇಡಲು ಇಲ್ಲದೆ ಒಬ್ಬರ ಮನೆಗೆ ಹೋಗುವುದು ಹೇಗೆ? ಬಂಡೆಪ್ಪ ಬಾಗಿಲಿಗೆ ಬಂದು, ಏನು ಬಂದ್ರಿ ಮಾಮಾ ಎಂದು ಕೇಳುತ್ತಾನೆ. ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಾಳೆ. ಆಗ ಹೇಳಬೇಕಾದ ಮಾತು ಒಂದೇ, ಅದೂ ಅವನು ಜನ್ಮದಲ್ಲಿ ಆಡಿರದ ಮಾತು. ಗುರುಪುತ್ರಪ್ಪ ಹೊಲದ ದಾರಿ ಹಿಡಿದ. ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸುಮ್ನ ಬಂದೆ" ಎಂದ. ದನಿ ಜಗಳಕ್ಕೆ ಬಂದವನದಾಗಿತ್ತು. ಎದುರಿನಿಂದ ಮೇವು ಹೊತ್ತು ಬರುತ್ತಿದ್ದವನೊಬ್ಬ ಹೊರೆಯ ಕೆಳಗಿನಿಂದ ಇಣುಕಿ, "ಏನಂದ್ರಿ ಕಾಕಾ?" ಎಂದ.

"ನಿನಗಲ್ಲ, ಹೋಗು" ಎಂದು ಗುರುಪುತ್ರಪ್ಪ ಸಿಡುಕಿದ. ಹೊರೆ ದೂರ ಹೋಗುವ ತನಕ ಕಾದ. ಆಮೇಲೆ ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ, ಹೇಳಿ ನೋಡಿದ.